ಬಾಗಿಲಲ್ಲಿ ಹಾಕಿದ ಸಹಿ

ಆರನೇ ಮಹಡಿಯ ಅತ್ತೆಗೆ ಕೆಳಗಿಳಿಯಲು ಲಿಫ್ಟ್ ಇರಲಿಲ್ಲ. ಲಿಫ್ಟಿನ ಬಾಗಿಲಿತ್ತು, ಗುಂಡಿಯಿತ್ತು, ಗುಂಡಿಯ ಮೇಲೆ ‘ದುರಸ್ತಿಯಲ್ಲಿದೆ’ ಎಂಬ ಚೀಟಿಯೂ ಇತ್ತು. ಹನ್ನೊಂದು ತಿಂಗಳಲ್ಲಿ ಚೀಟಿಯನ್ನು ಮಾತ್ರ ಎರಡು ಸಲ ಹೊಸದು ಮಾಡಿದ್ದರು. ಏಳನೇ, ಎಂಟನೇ ಮಹಡಿ ಕಟ್ಟುವಾಗ ಬಿಲ್ಡರ್ ಅದರಲ್ಲೇ ಸಿಮೆಂಟ್ ಚೀಲ ಸಾಗಿಸಿ ಮೋಟಾರ್ ಸುಟ್ಟುಹಾಕಿದ್ದ.

ಅತ್ತೆಯ ಸೊಂಟದ ಮೂಳೆ ಮುರಿದು, ಮತ್ತೆ ಸರಿಯಾಗಿ ಕೂಡಿರಲಿಲ್ಲ. ಮನೆಯೊಳಗೆ ವಾಕರ್ ಹಿಡಿದು ಓಡಾಡುತ್ತಿದ್ದಳು. ಮೆಟ್ಟಿಲು ಇಳಿಯಲಾಗುತ್ತಿರಲಿಲ್ಲ; ಎತ್ತಿ ಇಳಿಸಿದರೆ ಮೂಳೆ ಮತ್ತೆ ಸರಿದೀತು ಎಂದು ಡಾಕ್ಟರು ಹೇಳಿದ್ದರು. ಎದುರು ಬೀದಿಯಲ್ಲಿದ್ದ ಅವಳ ತಂಗಿಗೆ ಹೃದಯದ ಕಾಯಿಲೆ, ಮೆಟ್ಟಿಲು ಹತ್ತಲಾಗುತ್ತಿರಲಿಲ್ಲ. ಸಂಜೆ ಐದಕ್ಕೆ ತಂಗಿ ಗೇಟಿನ ಪಕ್ಕದ ಕಲ್ಲುಬೆಂಚಿನ ಮೇಲೆ ಬಂದು ಕೂರುತ್ತಿದ್ದಳು. ಅತ್ತೆ ಬಾಲ್ಕನಿಗೆ ಬರುತ್ತಿದ್ದಳು. ಒಬ್ಬರನ್ನೊಬ್ಬರು ನೋಡಿಕೊಂಡು ಫೋನಿನಲ್ಲಿ ಜಗಳವಾಡುತ್ತಿದ್ದರು.

“ಸರಿಯಾಗಿ ತಿಂತಿದೀಯೇನೆ? ಇಲ್ಲಿಂದ ಇರುವೆ ಥರ ಕಾಣ್ತೀಯ.”

“ನೀನೇನು ಕಡಿಮೆನಾ ಅಕ್ಕ? ಗೋಡೆ ಮೇಲೆ ಮಡಕೆ ಇಟ್ಟ ಹಾಗೆ ಬರೀ ತಲೆ ಕಾಣುತ್ತೆ.”

ಎರಡು ವಾರದಿಂದ ಬೆಂಚು ಖಾಲಿಯಿತ್ತು. ತಂಗಿ ಹಾಸಿಗೆ ಹಿಡಿದಿದ್ದಳು. ಡಾಕ್ಟರು ತಿಂಗಳ ಮಾತು ಬಿಟ್ಟು ವಾರದ ಮಾತಿಗೆ ಬಂದಿದ್ದರು.

“ಒಂದು ಸಲ ಹೋಗಿ ಅವಳ ಕೈ ಹಿಡ್ಕೊಂಡು ಬರ್ತೀನಿ,” ಎಂದಳು ಅತ್ತೆ. “ಆಮೇಲೆ ಲಿಫ್ಟ್ ಕೆಟ್ಟರೂ ಸರಿ, ನಾನು ಕೆಟ್ಟರೂ ಸರಿ.”

ಸೊಸೆ ಮನೆಯಲ್ಲೇ ಹೊಲಿಗೆ ಮಾಡುತ್ತಿದ್ದಳು. ಕಟ್ಟಡದವರಿಗೆ ಅವಳು ಟೈಲರಮ್ಮ. ಗಂಡ ಲಾರಿ ಓಡಿಸುತ್ತಿದ್ದ, ತಿಂಗಳಿಗೆ ನಾಲ್ಕು ದಿನ ಮನೆಯಲ್ಲಿರುತ್ತಿದ್ದ. ಮನೆ ಅವಳ ಹೆಸರಿನಲ್ಲಿತ್ತು. ಲಿಫ್ಟಿನ ಮಾತೆತ್ತಿಕೊಂಡು ಅವಳು ಬಿಲ್ಡರ್‌ನ ಮ್ಯಾನೇಜರ್ ಬಳಿ ಒಂಬತ್ತು ಸಲ ಹೋಗಿದ್ದಳು. ಆತ ಪ್ರತಿ ಸಲವೂ ಎದ್ದು ನಿಂತು ಕುರ್ಚಿ ತೋರಿಸುತ್ತಿದ್ದ, “ಕಮಿಟಿ ತೀರ್ಮಾನ ಆಗ್ಬೇಕಲ್ಲ ಮೇಡಂ,” ಎನ್ನುತ್ತಿದ್ದ. ಮನೆಮಾಲೀಕರ ಸಂಘದ ಕಮಿಟಿಯಲ್ಲಿ ಐದು ಜನರಿದ್ದರು. ಐವರೂ ಬಿಲ್ಡರ್‌ನ ಸಂಬಳದವರು.

ಎರಡನೇ ಮಹಡಿಯ ನಿವೃತ್ತ ಗುಮಾಸ್ತನನ್ನು ಎಲ್ಲರೂ ‘ಕಾನೂನು’ ಎಂದೇ ಕರೆಯುತ್ತಿದ್ದರು. ಅವನು ಸಂಘದ ನಿಯಮಗಳ ಪುಸ್ತಕ ತೆಗೆದು ಲೆಕ್ಕ ಹೇಳಿದ.

“ಒಟ್ಟು ನೂರ ಇಪ್ಪತ್ತು ಮನೆ. ಮಾರಾಟ ಆಗದ ನಲವತ್ತಾರು ಬಿಲ್ಡರ್‌ದು, ಆ ಓಟೆಲ್ಲಾ ಮ್ಯಾನೇಜರ್ ಕೈಯಲ್ಲಿ. ಮೀಟಿಂಗಿಗೆ ನಮ್ಮೋರು ಬರೋದು ಹತ್ತು ಜನ. ಅದಕ್ಕೇ ಪ್ರತಿ ವರ್ಷ ಕಮಿಟಿಗೆ ಅವರೇ ಗೆಲ್ಲೋದು.”

“ಜನ ಬರದೇ ಇದ್ರೆ ನಾನೇನು ಎಳ್ಕೊಂಡು ಬರ್ಲಾ?”

“ಜನ ಬೇಡಮ್ಮ, ಪ್ರಾಕ್ಸಿ ಸಾಕು. ಬರೋಕೆ ಆಗದೇ ಇರೋರು ತಮ್ಮ ಓಟನ್ನ ನಿನ್ನ ಹೆಸರಿಗೆ ಬರ್ಕೊಡಬಹುದು. ಒಂದು ಹಾಳೆ, ಒಂದು ಸಹಿ.”

ಬೇರೆ ಯಾರಿಗೂ ತೆರೆಯದ ಬಾಗಿಲುಗಳು ಟೈಲರಮ್ಮನಿಗೆ ತೆರೆದವು. ಯಾರ ಹೊಟ್ಟೆ ಎಷ್ಟು ಬೆಳೆದಿದೆ, ಯಾರು ಅದನ್ನು ಗಂಡನಿಂದ ಮುಚ್ಚಿಡುತ್ತಾರೆ ಎಂಬುದೆಲ್ಲ ಅವಳಿಗೆ ಗೊತ್ತಿತ್ತು. ಅಳತೆ ಟೇಪು ಕುತ್ತಿಗೆಗೆ ಹಾಕಿಕೊಂಡೇ ಹೋದಳು. ಜಿಪ್ ಹಾಕಿಕೊಟ್ಟಳು, ಸಹಿ ತಂದಳು. ಹದಿನಾರು ದಿನದಲ್ಲಿ ನಲವತ್ತೆಂಟು ಹಾಳೆಗಳಾದವು. ಅವಳದೂ ಕಾನೂನಿನದೂ ಸೇರಿಸಿ ಐವತ್ತು. ಉಳಿದ ಇಪ್ಪತ್ತನಾಲ್ಕು ಮನೆಗಳ ಮಾಲೀಕರು ಬೇರೆ ಊರಿನಲ್ಲಿದ್ದರು, ಕೈಗೆ ಸಿಗಲಿಲ್ಲ. ಗೆದ್ದರೆ ಮರುದಿನವೇ ಬರಲು ಲಿಫ್ಟ್ ಮೆಕ್ಯಾನಿಕ್ ಒಪ್ಪಿದ್ದ. ನಾಲ್ಕು ದಿನದ ಕೆಲಸ ಎಂದಿದ್ದ.

ಹಾಳೆ ಇಸಿದುಕೊಳ್ಳುವಾಗ ಅವಳು ಪ್ರತಿ ಬಾಗಿಲಲ್ಲೂ ಒಂದು ಮಾತು ಹೇಳಿದ್ದಳು. “ಬಿಡುವಾದ್ರೆ ನೀವೂ ಒಂದು ಗಳಿಗೆ ಬಂದುಹೋಗಿ. ಹಾಲ್ ತುಂಬಿದ ಹಾಗೆ ಕಂಡರೆ ಅವರಿಗೂ ಸ್ವಲ್ಪ ಭಯ ಇರುತ್ತೆ.” ಇದನ್ನು ಕಾನೂನಿಗೆ ಹೇಳಿರಲಿಲ್ಲ. ಮದುವೆಗೆ ಕರೆದಷ್ಟೇ ಸಹಜವಾಗಿ ಕರೆದಿದ್ದಳು. ಅದರಲ್ಲಿ ಹೇಳುವಂಥದ್ದು ಏನಿದೆ ಎಂದುಕೊಂಡಿದ್ದಳು.

ಭಾನುವಾರ ಬೆಳಿಗ್ಗೆ ಹತ್ತಕ್ಕೆ ಮೀಟಿಂಗ್. ಕಾನೂನು ಮುಂದಿನ ಸಾಲಿನಲ್ಲಿ ಪುಸ್ತಕ ಬಿಡಿಸಿಕೊಂಡು ಕೂತಿದ್ದ, ಹಿಂದೆ ತಿರುಗಿ ನೋಡಲಿಲ್ಲ. ಬಾಗಿಲಲ್ಲಿ ಮೇಜು ಹಾಕಿಕೊಂಡು ಮ್ಯಾನೇಜರ್‌ನ ಸಹಾಯಕಿ ಕೂತಿದ್ದಳು. ಬಂದವರಿಗೆಲ್ಲ ನಕ್ಕು ಪೆನ್ನು ಕೊಡುತ್ತಿದ್ದಳು. “ಹಾಜರಿ ಪುಸ್ತಕ, ಇಲ್ಲೊಂದು ಸಹಿ ಹಾಕಿಬಿಡಿ.” ಪ್ರಾಕ್ಸಿ ಕೊಟ್ಟಿದ್ದವರಲ್ಲಿ ಏಳು ಜನ ಬಂದರು, ಸಹಿ ಹಾಕಿದರು. ಟೈಲರಮ್ಮನಿಗೆ ಸಂತೋಷವಾಯಿತು.

ಅರ್ಧ ಗಂಟೆ ಭಾಷಣವಾಯಿತು. ಟೀ ಬಂತು. ಆಮೇಲೆ ಮೂರನೇ ಮಹಡಿಯ ನರ್ಸ್ ಎದ್ದು ಬಂದು ಪಿಸುಗುಟ್ಟಿದಳು.

“ಅಕ್ಕಾ, ನಂಗೆ ಡ್ಯೂಟಿ ಇದೆ, ಹೊರಡ್ತೀನಿ. ನನ್ನ ಓಟು ಹೇಗೂ ನಿಮ್ಮ ಹತ್ತಿರಾನೇ ಇದೆಯಲ್ಲ.”

“ಹೋಗ್ಬಾ ತಂಗಿ. ಬಂದಿದ್ದೇ ದೊಡ್ಡದು.”

ಅವಳ ಹಿಂದೆ ಬಸ್ ಡ್ರೈವರ್ ಹೋದ, ಡ್ರಾಯಿಂಗ್ ಮೇಷ್ಟ್ರು ಹೋದರು. ಏಳರಲ್ಲಿ ಆರು ಜನ ಹೋದರು. ಬೇಕರಿಯವನು ಮಾತ್ರ ಉಳಿದ. ನಸುಕಿನಲ್ಲೇ ಒಲೆ ಹೊತ್ತಿಸುವ ಮನುಷ್ಯ, ಕುರ್ಚಿಯಲ್ಲೇ ನಿದ್ದೆ ಹೋಗಿದ್ದ.

ಓಟು ಎಣಿಸುವ ಮೊದಲು ಮ್ಯಾನೇಜರ್ ಹಾಲಿನ ಬಾಗಿಲು ಹಾಕಿಸಿದ. ನಲವತ್ತೆಂಟು ಹಾಳೆಗಳನ್ನೂ ಹಾಜರಿ ಪುಸ್ತಕವನ್ನೂ ಪಕ್ಕಪಕ್ಕ ಇಟ್ಟುಕೊಂಡು, ಏಳು ಹಾಳೆಗಳನ್ನು ಬೇರೆ ತೆಗೆದ.

“ಹತ್ತೊಂಬತ್ತನೇ ನಿಯಮ. ಮಾಲೀಕರು ಖುದ್ದಾಗಿ ಹಾಜರಾದರೆ ಅವರ ಪ್ರಾಕ್ಸಿ ರದ್ದು. ಈ ಏಳೂ ಜನ ಹಾಜರಿ ಹಾಕಿದಾರೆ. ಇಲ್ಲಿದ್ರೆ ಅವರೇ ಕೈ ಎತ್ತಲಿ.”

ಟೈಲರಮ್ಮ ಹಿಂದೆ ತಿರುಗಿದಳು. ಖಾಲಿ ಕುರ್ಚಿಗಳಿದ್ದವು, ಕುರ್ಚಿಗಳ ಕೆಳಗೆ ಟೀ ಲೋಟಗಳಿದ್ದವು. ಕಾನೂನು ಹತ್ತೊಂಬತ್ತನೇ ನಿಯಮದ ಪುಟ ತೆಗೆದು, ಓದಿ, ಮುಚ್ಚಿದ.

“ಇವರನ್ನೆಲ್ಲ ಯಾರಮ್ಮ ಕರೆದಿದ್ದು?”

“ನಾನೇ.”

“ಗೊತ್ತಿತ್ತಮ್ಮ ನಂಗೆ ಈ ನಿಯಮ. ಬರಲ್ಲ ಅಂತ ಬರೆದುಕೊಟ್ಟೋರು ಬರ್ತಾರೆ ಅಂತ ಗೊತ್ತಿರಲಿಲ್ಲ.”

ಅವಳು ನರ್ಸಿಗೆ ಫೋನ್ ಮಾಡಿದಳು. ನರ್ಸ್ ಆಗಲೇ ಬಸ್ಸಿನಲ್ಲಿದ್ದಳು. ಡ್ರೈವರ್ ಫೋನ್ ಎತ್ತಲಿಲ್ಲ. ಬೇಕರಿಯವನನ್ನು ಅಲುಗಾಡಿಸಿ ಎಬ್ಬಿಸಿದರು. ಏನು ಎತ್ತ ಎಂದು ಕೇಳದೆ ಅವನು ಕೈ ಎತ್ತಿದ.

ಇವರಿಗೆ ನಲವತ್ತನಾಲ್ಕು. ಬಿಲ್ಡರ್‌ಗೆ ನಲವತ್ತಾರು.

“ಮುಂದಿನ ವರ್ಷ ಮತ್ತೆ ಪ್ರಯತ್ನ ಮಾಡಿ ಮೇಡಂ,” ಎಂದು ಮ್ಯಾನೇಜರ್ ಎದ್ದು ನಿಂತು ಹೇಳಿದ.

ಆರು ಮಹಡಿ ಹತ್ತಿ ಹೋಗಿ ಅವಳು ನಡೆದದ್ದನ್ನು ಮುಚ್ಚಿಡದೆ ಹೇಳಿದಳು. ಅತ್ತೆ ವಾಕರ್ ಮೇಲೆ ಗಲ್ಲ ಊರಿ ಕೇಳಿಸಿಕೊಂಡಳು.

“ಬಟ್ಟೇಲಿ ಒಂದಿಂಚು ತಪ್ಪಿದ್ರೆ ಬಿಚ್ಚಿ ಹೊಲೀತೀಯ. ಇದನ್ನ ಹೇಗೆ ಬಿಚ್ತೀಯೇ?”

ಸೊಸೆ ಹೊಲಿಗೆ ಯಂತ್ರದ ಮುಂದೆ ಕೂತಳು. ಸೂಜಿಗೆ ದಾರ ಪೋಣಿಸಲು ಅವತ್ತು ಬಹಳ ಹೊತ್ತು ಹಿಡಿಯಿತು.

ಮೂರು ವಾರದ ನಂತರ, ಒಂದು ಗುರುವಾರ ಬೆಳಿಗ್ಗೆ ತಂಗಿ ತೀರಿಕೊಂಡಳು. ಬೇಕರಿಯವನು, ಬಸ್ ಡ್ರೈವರ್, ಇನ್ನಿಬ್ಬರು ಸೇರಿ ಅತ್ತೆಯನ್ನು ಕುರ್ಚಿಯಲ್ಲಿ ಕೂರಿಸಿ, ಬಟ್ಟೆಯಿಂದ ಬಿಗಿದು, ಎತ್ತಿಕೊಂಡು ಹೊರಟರು. ಮಹಡಿಗೆ ಹತ್ತೊಂಬತ್ತು ಮೆಟ್ಟಿಲು. ಮೊದಲ ತಿರುವಿನಲ್ಲೇ ಅತ್ತೆ ಹಲ್ಲು ಕಚ್ಚಿದಳು. ನಾಲ್ಕನೇ ಮಹಡಿ ಮುಟ್ಟುವಷ್ಟರಲ್ಲಿ ಸೊಂಟದಲ್ಲಿ ಏನೋ ಸರಿಯಿತು. ಅವಳ ಕೂಗು ಕೇಳಿ ಬಾಗಿಲುಗಳು ತೆರೆದವು.

“ಸಾಕು. ಇಳಿಸ್ಬೇಡ್ರೋ. ಮೇಲಕ್ಕೇ ಕರ್ಕೊಂಡು ಹೋಗಿ.”

ಡ್ರೈವರ್ ಅಳುತ್ತಿದ್ದ. “ಅಜ್ಜಿ, ಅವತ್ತು ನಾನು ಹತ್ತು ನಿಮಿಷ ಕೂತಿದ್ದಿದ್ರೆ...”

“ಕುರ್ಚಿ ನೆಟ್ಟಗೆ ಹಿಡಿಯೋ. ಅಳೋದು ಆಮೇಲೆ.”

ಶವದ ಗಾಡಿಯನ್ನು ಗೇಟಿನ ಮುಂದೆ, ಕಲ್ಲುಬೆಂಚಿನ ಪಕ್ಕ, ಐದು ನಿಮಿಷ ನಿಲ್ಲಿಸಿದರು. ಹಿಂದಿನ ಬಾಗಿಲು ತೆರೆದು ಮುಖದ ಬಟ್ಟೆ ಸರಿಸಿದರು. ಸೊಸೆ ಅತ್ತೆಯ ತೋಳು ಹಿಡಿದು ಬಾಲ್ಕನಿಯಲ್ಲಿ ನಿಲ್ಲಿಸಿದಳು.

“ಮುಖ ಕಾಣ್ತಿದೆಯಾ ಅತ್ತೆ?”

“ಇಲ್ಲ. ಬಿಳಿ ಬಟ್ಟೆ ಕಾಣ್ತಿದೆ.”

ಗಾಡಿ ಹೋಯಿತು.

ಬಾಗಿಲಲ್ಲಿ ಹೋದ ಓಟು ಆರು. ಗೆಲ್ಲಲು ಬೇಕಿದ್ದದ್ದು ಮೂರು. ಅತ್ತೆ ಇಳಿಯದೆ ಉಳಿದ ಮೆಟ್ಟಿಲು ಎಪ್ಪತ್ತಾರು.