ಗುದ್ದಲಿ ಪೂಜೆಗೆ ಹಂದಿಯ ತಲೆ

ಗುದ್ದಲಿ ಪೂಜೆಗೆ ನಗುವ ಹಂದಿಯೇ ಆಗಬೇಕು. ಮುಖ ಗಂಟಿಕ್ಕಿದ ಹಂದಿಗೆ ಅಡ್ಡಬಿದ್ದು ಶುರುಮಾಡಿದ ಕಟ್ಟಡ ಏಳಿಗೆಯಾಗುವುದಿಲ್ಲವೆಂದು ಕೊರಿಯಾದ ರಾಜಧಾನಿ ಸೋಲ್ ನಗರದಲ್ಲಿ ಓದಿದ ಎಂಜಿನಿಯರುಗಳೂ ನಂಬುತ್ತಾರೆ. ಸತ್ತ ಹಂದಿ ತಾನಾಗಿ ನಗುತ್ತದೆಯೇ? ನಗಿಸಬೇಕು. ದವಡೆಯ ನಡುವೆ ಮರದ ತುಂಡು ಸಿಕ್ಕಿಸಿ, ತುಟಿಯ ಅಂಚುಗಳನ್ನು ದಾರದಿಂದ ಮೇಲಕ್ಕೆಳೆದು ಕಟ್ಟಿ, ಮೂರು ಗಂಟೆ ಸಣ್ಣ ಉರಿಯಲ್ಲಿ ಬೇಯಿಸಬೇಕು. ಆ ಕೆಲಸದಲ್ಲಿ ಪಿಲ್ನಾಮಳದು ಎತ್ತಿದ ಕೈ. ರೈಲ್ವೆ ಯಾರ್ಡಿನ ಮಗ್ಗುಲ ಹಳೇ ಮಾರುಕಟ್ಟೆಯಲ್ಲಿ ಮೂವತ್ತೆಂಟು ವರ್ಷ ಅವಳು ಹಂದಿ ತಲೆ ಬೇಯಿಸಿ ಮಾರಿದ್ದಳು.

ಆ ಮಾರುಕಟ್ಟೆ ಈಗ ಇಲ್ಲ. ಊರಿನ ನಟ್ಟನಡುವಿನ ಇಪ್ಪತ್ತು ಎಕರೆಯನ್ನು ಗುಡಿಸಿ ಹಾಕಿದ್ದರು. ಅಲ್ಲಿ ಹದಿನಾಲ್ಕು ಗೋಪುರ, ಒಂದೊಂದಕ್ಕೂ ಮೂವತ್ತೈದು ಮಹಡಿ, ಒಟ್ಟು ಮೂರು ಸಾವಿರ ಮನೆ. ಹೆಸರು 'ಗ್ರ್ಯಾಂಡ್ ಫಾರೆಸ್ಟಿಯಾ'. ಒಂದು ಮರ ಬಿಡದೆ ಕಡಿದ ಮೇಲೆ ಕಾಡಿನ ಹೆಸರಿಡುವ ಜನಕ್ಕೆ ನಾಚಿಕೆ ಎಂಬುದು ಹುಟ್ಟಿನಲ್ಲೇ ಬಂದಿರುವುದಿಲ್ಲ.

ಮಳಿಗೆಗಳ ಮಾಲೀಕರು ಸೇರಿ ಒಂದು ಸಂಘ ಕಟ್ಟಿಕೊಂಡಿದ್ದರು. ಅವರಿಗೆಲ್ಲ ತಲೆಗೊಂದು ಹೊಸ ಮನೆ. ಪಿಲ್ನಾಮಳಂಥ ಬಾಡಿಗೆಯವರಿಗೆ ಸಾಮಾನು ಸಾಗಿಸುವ ಲಾರಿ ಖರ್ಚು. ಸಂಘದ ಅಧ್ಯಕ್ಷ ಚಾಂಗ್ದು ಒಂದು ಕಾಲದಲ್ಲಿ ಅದೇ ಸಾಲಿನಲ್ಲಿ ಮೊಳೆ, ಬೀಗ ಮಾರುತ್ತಿದ್ದವನು. ಎರಡು ವರ್ಷದ ಹಿಂದೆ ಅವಳ ಅಂಗಡಿಗೆ ಬಂದು, ಹಂದಿಯ ಕಿವಿ ತಿಂದು, ಅಕ್ಕಿ ಹೆಂಡ ಕುಡಿದು, ಅವಳ ಮೂಗಿಗೆ ತುಪ್ಪ ಸವರಿದ್ದ.

"ಪಿಲ್ನಾಮಕ್ಕಾ, ಹೊಸ ಕಟ್ಟಡದ ಕೆಳಗೆ ಮಾರುಕಟ್ಟೆಗೆ ಅಂತಾನೇ ಒಂದು ಸಾಲು ಬಿಡ್ತೀವಿ. ಬಾಗಿಲ ಪಕ್ಕದ ಅಂಗಡಿ ನಿಮ್ಮದು. ಖಾಲಿ ಮಾಡಿದೋರಿಗೆಲ್ಲ ಅಲ್ಲೊಂದು ಅಂಗಡಿ ಅಂತ ಬಾಡಿಗೆಯೋರಿಗೆ ನೀವೊಂದು ಮಾತು ಹೇಳಿ ಸಾಕು. ನಿಮ್ಮ ಮಾತು ಅಂದ್ರೆ ಕಲ್ಲಿನ ಮೇಲೆ ಬರೆದ ಹಾಗೆ."

ಅವಳು ಹೇಳಿದಳು. ಅಂಗಡಿಯಿಂದ ಅಂಗಡಿಗೆ ಹೋಗಿ, ಇಪ್ಪತ್ತೆರಡು ಜನರ ಕೈ ಹಿಡಿದು ಹೇಳಿದಳು. ಅವಳ ಮುಖ ನೋಡಿ ಇಪ್ಪತ್ತೆರಡು ಜನವೂ ಗಲಾಟೆಯಿಲ್ಲದೆ ಗಂಟುಮೂಟೆ ಕಟ್ಟಿದರು. ಇಪ್ಪತ್ತಮೂರನೆಯವಳು, ಎಳ್ಳೆಣ್ಣೆ ತೆಗೆಯುವ ಹ್ವಾಜಾ ಒಬ್ಬಳು ಮಾತ್ರ ಜಗ್ಗಲಿಲ್ಲ.

"ತುಕ್ಕು ಹಿಡಿದ ಮೊಳೆಗೆ ಎಣ್ಣೆ ಹಚ್ಚಿ ಹೊಸದು ಅಂತ ಮಾರಿದೋನು ಕಣೇ ಅವ್ನು," ಎಂದಿದ್ದಳು ಹ್ವಾಜಾ. "ಆ ಎಣ್ಣೆ ಕೊಟ್ಟಿದ್ದು ನಾನೇ. ನಂಗೊತ್ತಿಲ್ವಾ?"

ಗುದ್ದಲಿ ಪೂಜೆಯ ಬೆಳಿಗ್ಗೆ ಪಿಲ್ನಾಮ್ ಬೆಂದ ತಲೆಯನ್ನು ಕೈಗಾಡಿಯಲ್ಲಿಟ್ಟುಕೊಂಡು, ಊರಾಚೆಯ ತನ್ನ ಬಾಡಿಗೆ ಶೆಡ್ಡಿನಿಂದ ಬಂದಳು. ಆ ಶೆಡ್ಡಿನಲ್ಲಿ ಎರಡು ವರ್ಷ ಅವಳು ದಿನ ದೂಡಿದ್ದು ಬಾಗಿಲ ಪಕ್ಕದ ಆ ಅಂಗಡಿಯೊಂದನ್ನೇ ನೆನೆದು. ತಗಡಿನ ಬೇಲಿಯೊಳಗೆ, ಗೇಟಿನ ಪಕ್ಕದಲ್ಲಿ, ಇಟ್ಟಿಗೆ ಚೂರುಗಳ ನಡುವೆ ಹ್ವಾಜಾಳ ಅಂಗಡಿ ಒಂದೇ ನಿಂತಿತ್ತು. ಅವಳನ್ನು ಎಬ್ಬಿಸಲು ಯಾರೋ ಬಾಗಿಲಲ್ಲಿ ಮತ್ತೆ ಕೊಳೆತ ಮೀನಿನ ಕರುಳು ಸುರಿದು ಹೋಗಿದ್ದರು. ಬೂದುಬಣ್ಣದ ಆ ರಾಶಿ ಮೆಟ್ಟಿಲಿಂದ ಲೋಳೆಲೋಳೆಯಾಗಿ ಇಳಿಯುತ್ತಿತ್ತು, ನೊಣ ಮುತ್ತಿತ್ತು. ಹ್ವಾಜಾ ಬೂದಿ ಚೆಲ್ಲಿ ಅದನ್ನು ಗೋರುತ್ತಿದ್ದಳು. ತಲೆಯೆತ್ತಲಿಲ್ಲ.

"ಹಂದಿ ಬಂತು," ಎಂದಳು ಪೊರಕೆಗೆ ಹೇಳುವಂತೆ. "ಒಂದಲ್ಲ, ಎರಡು."

ಪಿಲ್ನಾಮ್ ಗಾಡಿ ತಳ್ಳಿಕೊಂಡು ಮುಂದೆ ಹೋದಳು. ಮೀನಿನ ಕರುಳಿನ ವಾಸನೆ ಮೂಗಿನಲ್ಲೇ ಕೂತುಬಿಟ್ಟಿತು.

ಪೂಜೆಗೆಂದು ಹಾಕಿದ್ದ ಡೇರೆಯೊಳಗೆ ಗಾಜಿನ ಪೆಟ್ಟಿಗೆಯಲ್ಲಿ ಬಡಾವಣೆಯ ಪುಟ್ಟ ಮಾದರಿ ಇಟ್ಟಿದ್ದರು. ಬೆಂಕಿಪೊಟ್ಟಣ ಪೇರಿಸಿದ ಹಾಗೆ ಗೋಪುರಗಳು, ಸ್ಪಂಜಿನ ಮರಗಳು. ಪಿಲ್ನಾಮ್ ಬಗ್ಗಿ ನೆಲ ಅಂತಸ್ತಿನಲ್ಲಿ ತನ್ನ ಸಾಲು ಹುಡುಕಿದಳು. ಈಜುಕೊಳವಿತ್ತು. ಕಸರತ್ತಿನ ಕೋಣೆಯಿತ್ತು. ಬಾಗಿಲ ಪಕ್ಕದಲ್ಲಿ ನೀಲಿ ಟೈಲ್ಸಿನ ಇನ್ನೊಂದು ಕೋಣೆ.

"ಇದೇನಮ್ಮಾ ಇದು?" ಎಂದು ಮಾದರಿ ಕಾಯುತ್ತಿದ್ದ ಹುಡುಗಿಯನ್ನು ಕೇಳಿದಳು.

"ಅದು ನಾಯಿಗಳಿಗೆ ಸ್ನಾನದ ಕೋಣೆ ಅಜ್ಜಿ. ಬಿಸಿನೀರು, ತಣ್ಣೀರು ಎರಡೂ ಬರುತ್ತೆ."

ಅವಳು ನೆಟ್ಟಗೆ ಅಧ್ಯಕ್ಷನ ಬಳಿಗೆ ಹೋದಳು. ಚಾಂಗ್ದು ಹೊಸ ಸೂಟಿನಲ್ಲಿದ್ದ. ಅವಳು ಹತ್ತಿರ ಬರುತ್ತಿದ್ದಂತೆ ಎರಡು ಹೆಜ್ಜೆ ಹಿಂದೆ ಸರಿದ.

"ನನ್ನ ಅಂಗಡಿ ಎಲ್ಲಿ ಅಧ್ಯಕ್ಷರೇ?"

"ಅಕ್ಕಾ, ಸ್ವಲ್ಪ ದೂರ ನಿಂತ್ಕೊಳ್ಳಿ. ದೊಡ್ಡೋರೆಲ್ಲ ಬಂದಿದ್ದಾರೆ, ವಾಸನೆ... ನೋಡಿ, ಮನೆ ತಗೊಂಡೋರು ಸೇರಿ ನಿಯಮ ಮಾಡಿದ್ದಾರೆ. ವಾಸನೆ ಬರೋ ವ್ಯಾಪಾರ ಬೇಡ ಅಂತ. ನನ್ನ ಕೈಲಿ ಏನಿದೆ ಹೇಳಿ?"

"ಅವತ್ತು ಮಾತು ಕೊಟ್ರಲ್ಲ?"

"ಅವತ್ತು ಮಾತಾಡಿದ್ದು ನಾನಲ್ಲಕ್ಕಾ," ಎಂದು ಚಾಂಗ್ದು ಹಲ್ಲು ಕಿರಿದ, "ನೀವು ಕುಡಿಸಿದ ಹೆಂಡ."

ಸುತ್ತ ನಿಂತವರು ನಕ್ಕರು. ಅಷ್ಟರಲ್ಲಿ ಮೈಕಿನಲ್ಲಿ ಹೆಸರು ಕರೆದದ್ದರಿಂದ ಅವನು ಹೋಗಿ ಚಾಪೆಯ ಮೇಲೆ ಮಂಡಿಯೂರಿದ. ವಾಸನೆ ಎಂದು ಅವಳಿಂದ ಎರಡು ಹೆಜ್ಜೆ ಸರಿದವನು, ಅವಳು ಬೇಯಿಸಿದ ಹಂದಿಯ ಮೂತಿಗೆ ಮೂಗು ತಾಗುವಷ್ಟು ಬಗ್ಗಿ ಮೂರು ಸಲ ಅಡ್ಡಬಿದ್ದ. ಹಂದಿಯ ಬಾಯಿಗೆ ನೋಟು ತುರುಕಿದ. ಅವನ ಹಿಂದೆ ಗುತ್ತಿಗೆದಾರ, ಅವನ ಹಿಂದೆ ಬ್ಯಾಂಕಿನವನು. ಬಾಯಿ ತುಂಬಿತೆಂದು ಒಬ್ಬ ನೋಟನ್ನು ಸುರುಳಿ ಸುತ್ತಿ ಮೂಗಿನ ಹೊಳ್ಳೆಗೇ ಚುಚ್ಚಿದ. ಕೊಬ್ಬು ಅಂಟಿದ ಬೆರಳನ್ನು ಇನ್ನೊಬ್ಬ ಚಾಪೆಗೆ ಒರೆಸಿದ. ಇಷ್ಟು ವರ್ಷ ನೂರಾರು ಪೂಜೆ ನೋಡಿದ್ದ ಪಿಲ್ನಾಮ್ ಅದೇ ಮೊದಲ ಸಲ ಮುಖ ಬೇರೆ ಕಡೆ ತಿರುಗಿಸಿದಳು.

ಪೂಜೆ ಮುಗಿದ ಮೇಲೆ ತಲೆ ಕೊಯ್ದು ಎಲ್ಲರಿಗೂ ಪ್ರಸಾದವಾಗಿ ಹಂಚಬೇಕು. ಅದೂ ಅವಳದೇ ಕೆಲಸ. ಕೊಯ್ದಳು. ಕೈ ಅಭ್ಯಾಸದಿಂದ ನಡೆಯುತ್ತಿತ್ತು. ಬಂದಿದ್ದ ದೊಡ್ಡವರು ಕಾಗದದ ತಟ್ಟೆ ಹಿಡಿದು ಮುಗಿಬಿದ್ದರು. ತುಟಿ, ಗಲ್ಲ, ಕತ್ತಿನ ಟೈ ಎಲ್ಲ ಜಿಡ್ಡು. ಚಾಂಗ್ದು ಕಿವಿಯ ತುಂಡನ್ನು ಕರಕರ ಅಗಿಯುತ್ತಾ ಅವಳ ಪಕ್ಕಕ್ಕೆ ಬಂದ. ಈಗ ಅವನಿಗೆ ವಾಸನೆ ಹೊಡೆಯುತ್ತಿರಲಿಲ್ಲ.

"ಅಕ್ಕಾ, ಕೋಪ ಮಾಡ್ಕೋಬೇಡಿ. ಒಂದು ತಟ್ಟೆ ಪ್ರಸಾದ ಹ್ವಾಜಾಗೂ ತಗೊಂಡು ಹೋಗಿ. ಅವಳೊಬ್ಬಳು ಎದ್ರೆ ನಾಳೆಯಿಂದ ಕೆಲಸ ಶುರು. ಅವಳಿಗೂ ಕೆಳಗೆ ಒಂದು ಅಂಗಡಿ ಇದೆ ಅಂತ ಹೇಳಿಬಿಡಿ."

"ಅಂಗಡಿ ಇಲ್ಲ ಅಂತ ಈಗ ತಾನೇ ಹೇಳಿದ್ರಲ್ಲ?"

"ನಿಮಗೆ ಇಲ್ಲ ಅಂತ ಗೊತ್ತು, ಅವಳಿಗೆ ಗೊತ್ತಿಲ್ವಲ್ಲ! ನಿಮ್ಮ ಬಾಯಿಂದ ಬಂದ್ರೆ ನಂಬ್ತಾಳೆ." ಅವನು ದನಿ ತಗ್ಗಿಸಿದ. "ನಾನು ನಿಮ್ಮನ್ನ ಬಿಟ್ಟುಬಿಡ್ತೀನಾ? ನಾಯಿ ಸ್ನಾನದ ಕೋಣೆ ತೊಳೆಯೋಕೆ ಒಬ್ಬರು ಬೇಕು. ಆ ಕೆಲಸ ನಿಮಗೇ ಅಂತ ಇಟ್ಟಿದ್ದೀನಿ."

ಇದೇ ಸುಳ್ಳಿನ ತಟ್ಟೆಯನ್ನು ಅವತ್ತು ಇಪ್ಪತ್ತೆರಡು ಬಾಗಿಲಿಗೆ ಹೊತ್ತವಳು ಪಿಲ್ನಾಮಳೇ. ಇವನು ಹೇಳಿಕೊಟ್ಟದ್ದನ್ನು ಇವನಿಗಿಂತ ಚೆನ್ನಾಗಿ, ನಗುನಗುತ್ತಾ ಹೇಳಿದ್ದಳು. ಹೇಸಿಗೆ ಅವನ ಮೇಲಿಂದ ತೆವಳಿ ಬಂದು ಅವಳ ಮೈಗೇ ಹತ್ತಿಕೊಂಡಿತು. ಅವಳು ತಟ್ಟೆ ತೆಗೆದುಕೊಂಡು ಹೊರಟಳು.

"ನೋಡಿದ್ರಾ," ಎಂದು ಚಾಂಗ್ದು ಗುತ್ತಿಗೆದಾರನಿಗೆ ಹೇಳುತ್ತಿದ್ದದ್ದು ಬೆನ್ನಿಗೆ ಕೇಳಿಸಿತು, "ಹೆಂಗಸರನ್ನ ಎಬ್ಬಿಸೋಕೆ ಹೆಂಗಸೇ ಬೇಕು."

ಹ್ವಾಜಾ ಮೆಟ್ಟಿಲು ತೊಳೆದು ಕೂತಿದ್ದಳು.

"ಏನು ತಂದೆ?"

"ನಿಂಗೂ ಒಂದು ಅಂಗಡಿ ಕೊಡ್ತಾರೆ ಅಂತ ಹೇಳು ಅಂದ್ರು."

"ಸರಿ, ಹೇಳು."

"ಹೇಳಿದ್ನಲ್ಲ. ಸುಳ್ಳು ಅದು. ಯಾರಿಗೂ ಇಲ್ಲ, ನಂಗೂ ಇಲ್ಲ. ಅಲ್ಲಿ ನಾಯಿಗೆ ಸ್ನಾನ ಮಾಡಿಸ್ತಾರಂತೆ. ನೀನು ಏಳಬೇಡ."

"ಇಲ್ಲಿವರೆಗೂ ನಾನು ಎದ್ದಿಲ್ಲ ಕಣೇ. ನೀನು ಹೇಳ್ದೆ ಅಂತ ಏನು ಕೂತಿರ್ತೀನಾ?" ಹ್ವಾಜಾ ತಟ್ಟೆ ಕಿತ್ತುಕೊಂಡು ಅದರಲ್ಲಿದ್ದದ್ದನ್ನು ಮೀನಿನ ಕರುಳಿನ ಬಕೆಟ್ಟಿಗೆ ಸುರಿದಳು. "ಇದನ್ನ ನಂಗ್ಯಾಕೆ ಹೇಳ್ತೀಯ? ಹೇಳಬೇಕಾದೋರಿಗೆ ಹೇಳು."

ಪಿಲ್ನಾಮ್ ಮೆಟ್ಟಿಲ ಒದ್ದೆಯ ಮೇಲೇ ಕೂತಳು. ಜಿಡ್ಡುಗೈಯನ್ನು ಲಂಗಕ್ಕೆ ಒರೆಸಿಕೊಂಡು ಫೋನು ತೆಗೆದು, ಆ ಇಪ್ಪತ್ತೆರಡು ಜನರಲ್ಲಿ ಒಬ್ಬನಾದ, ಸೊಪ್ಪು ಮಾರುತ್ತಿದ್ದ ಮುದುಕನ ನಂಬರು ಒತ್ತಿದಳು. ಅವನು ಈಗ ಮಗಳ ಮನೆಯ ಹಜಾರದಲ್ಲಿ ಮಲಗುತ್ತಾನೆಂದು ಕೇಳಿದ್ದಳು.

"ಅಣ್ಣಾ, ನಾನು ಪಿಲ್ನಾಮ್. ಅಂಗಡಿ ಕೊಡಿಸ್ತೀನಿ ಅಂತ ನಿಮ್ಮನ್ನ ಎಬ್ಬಿಸಿದ್ನಲ್ಲ, ಅದು ಸುಳ್ಳು."

ಆ ಕಡೆಯಿಂದ ಬೈಗುಳ ಶುರುವಾಯಿತು. ಮುದುಕನಿಗೆ ದಮ್ಮು, ಕೆಮ್ಮುತ್ತಾ, ನಿಲ್ಲಿಸುತ್ತಾ, ಮತ್ತೆ ಹಿಡಿಯುತ್ತಾ ಬೈದ. ಅವನು ಬೈದು ಮುಗಿಸುವವರೆಗೂ ಅವಳು ಫೋನನ್ನು ಕಿವಿಯಿಂದ ತೆಗೆಯಲಿಲ್ಲ. ಆಮೇಲೆ ಎರಡನೆಯ ನಂಬರು ಒತ್ತಿದಳು.