ದರ್ಜಿ ಅಲ್ಲ, ದೋಣಿಯವನು

ಅಪ್ಪನ ಕಣ್ಣು ಪೂರ್ತಿ ಮಂಜಾಗಿ ಸೂಜಿಗೂ ಹಾರೆಗೂ ವ್ಯತ್ಯಾಸ ಕಾಣದಂತಾದ ಮೇಲೆ, ಅವನ ಮೆಚ್ಚಿನ ಕಾದಂಬರಿಯನ್ನು ಓದಿ ಹೇಳುವ ಕೆಲಸವೂ ಮಗಳ ತಲೆಗೇ ಬಿತ್ತು. ಅವನ ಹೊಲಿಗೆ ಅಂಗಡಿ ಮೊದಲೇ ಅವಳ ತಲೆ ಮೇಲಿತ್ತು. ರಜೆಯ ಮಧ್ಯಾಹ್ನ ಕತ್ತರಿಸುವ ಮೇಜಿನ ಈಚೆ ಅವಳು, ಆಚೆ ಅವನು, ನಡುವೆ ಆ ಪುಸ್ತಕ. ಎಷ್ಟನೆಯ ಸಲವೋ ದೇವರೇ ಬಲ್ಲ.

ಕಥೆ ಇಷ್ಟೇ. ಒಬ್ಬ ದೋಣಿಯವನ ಮಗಳಿಗೆ ಹೊಳೆಯಾಚೆ ಹೋಗಿ ಸಂಗೀತ ಕಲಿಯುವ ಆಸೆ. ಹೊರಡುವ ದಿನ ಅವನು ಮನೆಗೆ ಹೊರಗಿನಿಂದ ಚಿಲಕ ಹಾಕಿ ಹೋಗುತ್ತಾನೆ. ಆ ಪುಟ ಬಂದಾಗಲೆಲ್ಲ ಅಪ್ಪ ಮೇಜು ಗುದ್ದುತ್ತಿದ್ದ. "ಪಾಪಿ! ಹೆತ್ತ ಮಗಳ ಬಾಳಿಗೇ ಕಲ್ಲು ಹಾಕಿದ್ನಲ್ಲ! ಇಂಥವನೂ ಒಬ್ಬ ಅಪ್ಪನಾ?"

ಅವಳಿಗೆ ಮೈಯೆಲ್ಲ ಉರಿಯುತ್ತಿತ್ತು. ಕುಂಬಳಕಾಯಿ ಕಳ್ಳ ಅಂದರೆ ಕದ್ದವನು ಹೆಗಲು ಮುಟ್ಟಿ ನೋಡಿಕೊಂಡನಂತೆ. ಈ ಮಹಾಶಯನ ಕೈ ಮಾತ್ರ ಹೆಗಲ ಕಡೆ ಹೋಗಲೇ ಇಲ್ಲ. ಅವಳಿಗೆ ನರ್ಸಿಂಗ್ ಕಲಿಯಲು ಬೇರೆ ಊರಿನಲ್ಲಿ ಸೀಟು ಸಿಕ್ಕಿತ್ತು. ಬಸ್ಸು ಹತ್ತಬೇಕಿದ್ದ ಬೆಳಿಗ್ಗೆ ಇದೇ ಅಪ್ಪ ಹೊರಗಿನಿಂದ ಚಿಲಕ ಜಡಿದು ಅಂಗಡಿಗೆ ಹೋಗಿದ್ದ. ಸಂಜೆ ಬಂದು, "ನೀನು ಹೋದ್ರೆ ಕಾಜಾ ಹೊಲಿಯೋರು ಯಾರು?" ಅಂದಿದ್ದ, ಉಪ್ಪು ಮುಗಿದಿದೆ ಅನ್ನುವಷ್ಟು ಸಲೀಸಾಗಿ. ಊರವರ ಅಂಗಿಗೆ ಗುಂಡಿ ತೂರಿಸುವ ಕಾಜಾ ಹೊಲಿಯುತ್ತಲೇ ಅವಳ ತಲೆ ನರೆಯಿತು.

ಮೆಚ್ಚಿದ ಪುಸ್ತಕವನ್ನು ಜನ ಮತ್ತೆ ಮತ್ತೆ ಓದುವುದು ಅದರಲ್ಲಿ ತಮ್ಮ ಮುಖ ಕಾಣುತ್ತದೆ ಅಂತಂತೆ. ಯಾಕೆ ಕಾಣುವುದಿಲ್ಲ! ಬೇಕಾದ ಮುಖವನ್ನು ಆರಿಸಿಕೊಂಡರೆ ಎಲ್ಲರಿಗೂ ಕಾಣುತ್ತದೆ. ಅಪ್ಪ ಆರಿಸಿಕೊಂಡದ್ದು ಕೊನೆಗೆ ಬಂದು ಚಿಲಕ ತೆಗೆಯುವ ಸಂಗೀತದ ಮೇಷ್ಟ್ರನ್ನು. "ನನ್ನ ಥರಾನೇ, ಹೆಂಗರುಳು," ಎಂದು ಕಣ್ಣೊರೆಸಿಕೊಳ್ಳುತ್ತಿದ್ದ. ಅವಳು ಮಾತ್ರ ಮೊದಲಿನಿಂದಲೂ ಆ ಹುಡುಗಿಯೇ. ಈ ಸಲವಾದರೂ ಬಾಗಿಲು ಒದೆಯಲಿ ಎಂದು ಪ್ರತಿ ಸಲವೂ ಕಾಯುತ್ತಿದ್ದಳು. ಅಚ್ಚಾಗಿ ಕೂತ ಹುಡುಗಿ ಎಲ್ಲಿ ಒದೆಯುತ್ತಾಳೆ? ಕೂಗಿ ಕೂಗಿ ಸುಮ್ಮನಾಗುತ್ತಾಳೆ.

ಅವತ್ತು ಆ ಪುಟ ಬಂದಾಗ ಅವಳು ಬೇಕೆಂದೇ ಓದಿದಳು: "ದರ್ಜಿ ಬಾಗಿಲಿಗೆ ಚಿಲಕ ಹಾಕಿದ."

"ದರ್ಜಿ ಅಲ್ಲಮ್ಮ, ದೋಣಿಯವನು," ಅಂದ ಅಪ್ಪ. "ನಿನಗೂ ಕಣ್ಣು ಮಂಜಾಯ್ತಾ?"

"ದರ್ಜಿ ಬಾಗಿಲಿಗೆ ಚಿಲಕ ಹಾಕಿದ," ಎಂದು ಅವಳು ಒತ್ತಿ ಓದಿದಳು. "ಸಂಜೆ ಬಂದು, ನೀನು ಹೋದ್ರೆ ಕಾಜಾ ಹೊಲಿಯೋರು ಯಾರು ಅಂದ."

ಅಪ್ಪನ ಕೈ ಮೇಜಿನ ಮೇಲೆ ಗುದ್ದುವುದಕ್ಕೆ ಎದ್ದದ್ದು ಹಾಗೇ ನಿಂತಿತು. ಮೆಲ್ಲಗೆ ಕೈ ಇಳಿಸಿ, ಅಳತೆಯ ಟೇಪನ್ನು ಬೆರಳಿಗೆ ಸುತ್ತತೊಡಗಿದ.

"ನನಗೆ ಗೊತ್ತಿಲ್ಲ ಅಂದ್ಕೊಂಡ್ಯಾ?" ಅಂದ ಕೊನೆಗೆ. "ಅವನನ್ನ ಬೈದಾಗೆಲ್ಲ ನನ್ನನ್ನೇ ಬೈಕೋತಿದ್ದೆ. ನಿನಗೆ ಅರ್ಥ ಆಗುತ್ತೆ ಅಂದ್ಕೊಂಡಿದ್ದೆ."

ಇದ್ದ ಸಿಟ್ಟಿಗೆ ಎಣ್ಣೆ ಸುರಿದಂತಾಯಿತು. ಗೊತ್ತಿತ್ತಂತೆ! ಗೊತ್ತಿದ್ದೂ ಇಷ್ಟು ವರ್ಷ ಅವಳ ಬಾಯಿಂದಲೇ ಓದಿಸಿದ್ದ.

"ಬೈಗುಳ ದೋಣಿಯವನಿಗೆ, ಪುಣ್ಯ ನಿನಗೆ! ಚೆನ್ನಾಗಿದೆ ನಿನ್ನ ನ್ಯಾಯ! ನನಗೇನು ಬಂತಪ್ಪ ಅದರಿಂದ? ಒಂದು ದಿನ ನನ್ನ ಮುಂದೆ, ನಾನು ಮಾಡ್ದೆ ಅಂತ ಒಂದು ಮಾತು ಅಂದಿದ್ಯಾ?"

"ಮುಂದೆ ಓದಮ್ಮ."

ಅವಳು ಪುಸ್ತಕವನ್ನು ಪಟ್ಟನೆ ಮುಚ್ಚಿ ಅವನ ಕಡೆ ತಳ್ಳಿದಳು. "ನಾನು ಓದಲ್ಲ. ಬಾಯಿಪಾಠ ಇದೆಯಲ್ಲ, ನೀನೇ ಹೇಳು."

ಹೊರಗೆ ಯಾರದೋ ಸೈಕಲ್ ಬೆಲ್ ಹೊಡೆದುಕೊಂಡು ಹೋಯಿತು. ಅಪ್ಪ ಗಂಟಲು ಸರಿಮಾಡಿಕೊಂಡ.

"ದೋಣಿಯವನು..." ಎಂದು ಶುರುಮಾಡಿ ನಿಲ್ಲಿಸಿದ. ಅವಳು ಸಹಾಯಕ್ಕೆ ಹೋಗಲಿಲ್ಲ. "ನಾನು," ಅಂದ ಅವನು. "ನಾನು ಬಾಗಿಲಿಗೆ ಚಿಲಕ ಹಾಕಿದೆ."

"ಮುಂದೆ?"

"ಮಗಳು ಒಳಗಿನಿಂದ ಕೂಗಿದಳು."

"ಯಾರ ಮಗಳು?"

"ನನ್ನ ಮಗಳು. ನೀನು." ಅಪ್ಪ ಅವಳ ದನಿ ಬಂದ ದಿಕ್ಕಿಗೆ ಮುಖ ತಿರುಗಿಸಿದ. "ಕೇಳಿಸ್ತು ಕಣಮ್ಮ. ಬೀದಿ ತಿರುವಿನ ತನಕ ಕೇಳಿಸ್ತಾನೇ ಇತ್ತು. ಆದ್ರೂ ಹೋದೆ."