ಮೂರನೆಯ ವಾಷರ್

ಗಡಿಯಾರ ರಿಪೇರಿಯವನ ಅಡುಗೆಮನೆಯ ನಲ್ಲಿ ಸೋರತೊಡಗಿ ನಾಲ್ಕು ದಿನವಾಗಿತ್ತು. ಪ್ಲಂಬರನನ್ನು ಹುಡುಕಿಕೊಂಡು ಊರೆಲ್ಲ ಅಲೆಯಬೇಕಿರಲಿಲ್ಲ, ಹೆಂಡತಿಯ ತಮ್ಮನೇ ಪ್ಲಂಬರ್, ಮನೆ ಎರಡು ಬೀದಿ ಆಚೆ. ಆದರೆ ಭಾವನಿಗೂ ಭಾವಮೈದುನನಿಗೂ ಮಾತು ನಿಂತು ಎರಡು ವರ್ಷ.

ಕಾರಣ ಕೇಳಿದರೆ ಯಾರಿಗಾದರೂ ನಗು ಬರಬೇಕು. ಪ್ಲಂಬರ್ ತನ್ನ ನಿಂತುಹೋದ ಕೈಗಡಿಯಾರವನ್ನು ಪೈಪು ತಿರುಗಿಸುವ ಇಕ್ಕಳದಿಂದ ಬಿಚ್ಚಲು ಹೋಗಿ, ಸಾಕಷ್ಟು ಹಾಳು ಮಾಡಿ, ಆಮೇಲೆ ಭಾವನ ಅಂಗಡಿಗೆ ತಂದಿದ್ದ. ಭಾವ ಗಿರಾಕಿಗಳೆದುರೇ, "ಕೈಯಲ್ಲಿ ಒಂಚೂರೂ ನಯ ಇಲ್ವಲ್ಲೋ! ನೀನು ಗಟಾರಕ್ಕೇ ಲಾಯಕ್ಕು" ಎಂದುಬಿಟ್ಟ.

"ನಿಮ್ಮನೆ ನಲ್ಲಿ ಸೋರ್ಲಿ ಭಾವ, ಆಗ ಮಾತಾಡೋಣ" ಎಂದು ಗಡಿಯಾರ ಕಿತ್ತುಕೊಂಡು ಹೋದವನು ಮತ್ತೆ ಆ ಮನೆಯ ಹೊಸ್ತಿಲು ತುಳಿಯಲಿಲ್ಲ. ಅಂದಿನಿಂದ ಅಕ್ಕ ಒಡಹುಟ್ಟಿದ ತಮ್ಮನನ್ನು ತರಕಾರಿ ಅಂಗಡಿಯ ಮುಂದೆ ನಿಂತು ಮಾತಾಡಿಸಿ, ಸಪ್ಪೆ ಮುಖ ಮಾಡಿಕೊಂಡು ಮನೆಗೆ ಬರುತ್ತಿದ್ದಳು.

"ಅವನಿಗೆ ಒಂದ್ ಫೋನ್ ಮಾಡ್ರೀ" ಎಂದಳು ಈಗ.

"ಗಡಿಯಾರದ ಹೊಟ್ಟೆ ಬಗೆದು ನೋಡೋನಿಗೆ ನಲ್ಲಿ ಯಾವ ಲೆಕ್ಕ?"

ಗಂಡ ಕೆಳಗಿನ ವಾಲ್ವ್ ಮುಚ್ಚಿದ. ಬಿಳಿ ಬಟ್ಟೆ ಹಾಸಿ, ನಲ್ಲಿಯ ಹಿಡಿ, ನಟ್ಟು, ಕಡ್ಡಿಯನ್ನು ಬಿಚ್ಚಿದ ಕ್ರಮದಲ್ಲೇ ಸಾಲಾಗಿ ಇಟ್ಟು, ಧೂಳು ಕೂರದಂತೆ ಮೇಲೊಂದು ಬಟ್ಟಲು ಬೋರಲು ಹಾಕಿದ. ನಲ್ಲಿಗೆ ಇಷ್ಟು ರಾಜೋಪಚಾರ ಅದರ ಹುಟ್ಟಿನಲ್ಲೇ ಆಗಿರಲಿಲ್ಲ. ಸವೆದ ರಬ್ಬರ್ ವಾಷರ್ ತೆಗೆದು ಹೊಸದನ್ನು ಕೂರಿಸಿ, ನಟ್ಟನ್ನು ಗಡಿಯಾರದ ತಿರುಪಿನಂತೆ ಬೆರಳ ತುದಿಯಿಂದ ಹಗುರಾಗಿ ಬಿಗಿಸಿದ. ಸೋರುವುದು ನಿಂತಿತು. ಊಟ ಮುಗಿಯುವವರೆಗೂ ತನ್ನ ಬೆನ್ನನ್ನು ತಾನೇ ತಟ್ಟಿಕೊಂಡ.

ಎರಡು ದಿನಕ್ಕೆ ನಲ್ಲಿ ಮತ್ತೆ ತೊಟ್ಟಿಕ್ಕಿತು. ಅಂಗಡಿಯವನು ಕೊಟ್ಟ ಮಾಲು ಸರಿಯಿಲ್ಲ ಎಂದು ಬೈದು ಎರಡನೆಯ ವಾಷರ್ ಹಾಕಿದ. ಅದೂ ಎರಡೇ ದಿನ ಬಾಳಿತು.

ಮೂರನೆಯದನ್ನು ಹಾಕಲು ಕೂತಾಗ ನಟ್ಟು ಅಲುಗಲೇ ಇಲ್ಲ. ಬೆರಳ ತುದಿಯಿಂದ ಬಿಗಿಸಿದ್ದ ನಟ್ಟಿಗೆ ಈಗ ಪಾನಾ ಹಾಕಿ ಜಗ್ಗಬೇಕಾಯಿತು. ಅವನಿಗೆ ಅನುಮಾನ ಬಂತು. ಒಳಗಿನ ವಾಷರನ್ನು ಚಿಮುಟದಲ್ಲಿ ಹಿಡಿದು, ಭೂತಗನ್ನಡಿಯನ್ನು ಕಣ್ಣಿಗೆ ಸಿಕ್ಕಿಸಿ ನೋಡಿದ. ಸವೆತವೇ ಇಲ್ಲ. ಅಂಚಿನಲ್ಲಿ ಕತ್ತರಿ ಆಡಿಸಿದ ಗುರುತು, ನೇರವಾಗಿ, ಅಚ್ಚುಕಟ್ಟಾಗಿ.

ಮನೆಯಲ್ಲಿ ಇರುವುದೇ ಇಬ್ಬರು. ಹೆಂಡತಿ ಪ್ಲಂಬರನ ಅಕ್ಕ ಮಾತ್ರವಲ್ಲ, ಪ್ಲಂಬರನ ಮಗಳು ಕೂಡ. ಲಂಗ ತೊಡುವ ವಯಸ್ಸಿನಲ್ಲೇ ಅಪ್ಪನಿಗೆ ಪಾನಾ ಎತ್ತಿಕೊಟ್ಟ ಕೈ ಅದು. ಅವಳು ಒಲೆಯ ಕಡೆ ಮುಖ ಮಾಡಿ, ಉಜ್ಜಿದ ಪಾತ್ರೆಯನ್ನೇ ಮತ್ತೆ ಉಜ್ಜುತ್ತಿದ್ದಳು.

ಅವನಿಗೆ ಮೊದಲು ಉರಿದುಹೋಯಿತು. ಆಮೇಲೆ, ತಮ್ಮನು ಮನೆಗೆ ಬರಲಿ ಎಂದು ಹೆಂಡತಿ ಕಳ್ಳಿಯಂತೆ ವಾಷರ್ ಕತ್ತರಿಸುವ ಸ್ಥಿತಿಗೆ ತಾನೇ ಅವಳನ್ನು ತಂದಿಟ್ಟಿದ್ದೇನಲ್ಲ ಎಂದು ನಾಚಿಕೆಯಾಯಿತು. ಹೊಸ ವಾಷರನ್ನು ಜೇಬಿಗೆ ಹಾಕಿಕೊಂಡು ಫೋನ್ ತೆಗೆದ.

"ನಾನು ಕಣೋ. ನಲ್ಲಿ ಸೋರ್ತಿದೆ. ನನ್ ಕೈಲಿ ಆಗ್ಲಿಲ್ಲ, ನೀನೇ ಬಾ."

ಉಜ್ಜುವ ಸದ್ದು ನಿಂತಿತು.

ಪ್ಲಂಬರ್ ಹತ್ತೇ ನಿಮಿಷದಲ್ಲಿ ಬಂದ, ಗೆದ್ದವನ ನಡಿಗೆಯಲ್ಲಿ. ಬಟ್ಟೆಯ ಮೇಲಿದ್ದ ವಾಷರ್ ನೋಡಿ ಹುಬ್ಬೇರಿಸಿದ. "ಇದನ್ನ ಯಾರೋ ಬೇಕಂತ್ಲೇ ಕತ್ತರಿಸಿದಾರಲ್ಲ ಭಾವ?" ಅಕ್ಕ ಸೂರು ನೋಡುತ್ತ ನಿಂತಳು.

"ನಾನೇ ಹಾಕೋವಾಗ ಕತ್ತರಿಸಿಬಿಟ್ಟೆ" ಎಂದ ಗಡಿಯಾರದವನು. "ಕೈಯಲ್ಲಿ ನಯ ಸಾಲ್ದು."

ಪ್ಲಂಬರ್ ಅಕ್ಕನನ್ನೊಮ್ಮೆ, ಭಾವನನ್ನೊಮ್ಮೆ ನೋಡಿದ. ಕೆಲಸಕ್ಕೆ ಅಂಗಿಯ ತೋಳು ಮಡಿಸಿದ. ಮಣಿಕಟ್ಟಿನಲ್ಲಿ ಅದೇ ಗಡಿಯಾರ, ಮುಳ್ಳು ಎರಡು ವರ್ಷದ ಹಿಂದೆ ನಿಂತಲ್ಲೇ ನಿಂತಿತ್ತು. ಅಷ್ಟು ದಿನವೂ ಹಟಕ್ಕೆ ಅದನ್ನೇ ಕಟ್ಟಿಕೊಂಡು ತಿರುಗಿದ್ದ ಪುಣ್ಯಾತ್ಮ.

ಗಡಿಯಾರದವನು ಕೈ ಚಾಚಿದ. "ಬಿಚ್ಚು, ಕೊಡಿಲ್ಲಿ."

"ಕೊಡ್ತೀನಿ ಭಾವ. ಆದ್ರೆ ಕೈಯಲ್ಲಿ ನಯ ಸಾಲ್ದು ಅಂದ್ರಲ್ಲ, ಸ್ವಲ್ಪ ಹುಷಾರು."

ಅಕ್ಕ ನಗಲು ಹೋಗಿ ಅತ್ತುಬಿಟ್ಟಳು.